ಜೆನ್ ಝೀ ಅಂತೀರೋ, ಕೊರೊನಾ ಬ್ಯಾಚ್ ಅಂತೀರೋ?

ಹೋದ ವರ್ಷ ತುಮಕೂರಿನ ಒಂದು ಕಂಪನಿಗೆ ಸಂದರ್ಶನಕ್ಕೆ ಹೋಗಿದ್ದೆ. ದೊಡ್ಡ ಕೆಲಸವೇನಲ್ಲ, ಗುಣಮಟ್ಟ ಪರೀಕ್ಷೆ ಮಾಡುವ ಲ್ಯಾಬಿನಲ್ಲಿ ಟ್ರೈನಿ. ‘ಜೆನ್ ಝೀ ಉತ್ಸಾಹ ಇರುವ ಯುವಕ, ಯುವತಿಯರು ಬೇಕಾಗಿದ್ದಾರೆ’ ಎಂದು ಜಾಹೀರಾತಿನಲ್ಲಿ ಬರೆದಿದ್ದರು. ಮೇಜಿನ ಆ ಕಡೆ ಕುಳಿತವರು ನನ್ನ ಅಂಕಪಟ್ಟಿಗಳನ್ನು ಒಂದೊಂದಾಗಿ ತಿರುವಿ ಹಾಕುತ್ತಿದ್ದರು. ದ್ವಿತೀಯ ಪಿಯುಸಿಯ ಹಾಳೆ ಬಂದಾಗ ಕೈ ನಿಂತಿತು. ‘2021? ಓ, ಕೊರೊನಾ ಬ್ಯಾಚಾ!’ ಎಂದು ಪಕ್ಕದವರ ಮುಖ ನೋಡಿ ನಕ್ಕರು. ಪಕ್ಕದವರೂ ನಕ್ಕರು. ಕೆಲಸ ಕೇಳಲು ಹೋದವಳು ನಾನು, ನಾನೂ ನಕ್ಕೆ.

ಆ ಕೆಲಸ ಸಿಗಲಿಲ್ಲ. ಅದರ ಕಾರಣ ಅದೊಂದೇ ಎಂದು ಹೇಳಲಾರೆ. ಆದರೆ ಚಳ್ಳಕೆರೆಗೆ ವಾಪಸು ಬರುವ ಬಸ್ಸಿನಲ್ಲಿ ಒಂದು ವಿಷಯ ತಲೆಯಲ್ಲಿ ಸುತ್ತುತ್ತಲೇ ಇತ್ತು. ಒಂದೇ ಕಂಪನಿ, ಒಂದೇ ವಾರದಲ್ಲಿ ನನಗೆ ಎರಡು ಹೆಸರು ಇಟ್ಟಿತ್ತು. ಕರೆಯುವಾಗ ಜೆನ್ ಝೀ, ಕಳಿಸುವಾಗ ಕೊರೊನಾ ಬ್ಯಾಚ್. ಎರಡೂ ನನ್ನ ವಯಸ್ಸಿನವರ ಹೆಸರೇ. ಎರಡನ್ನೂ ನಾನು ಇಟ್ಟುಕೊಂಡದ್ದಲ್ಲ.

ನಮ್ಮ ಮನೆ ಚಳ್ಳಕೆರೆ ತಾಲ್ಲೂಕಿನ ಉಳ್ಳಾರ್ತಿ ಕಾವಲಿನ ಅಂಚಿನಲ್ಲಿದೆ. ಅಜ್ಜ ಕುರಿ ಸಾಕಿದವರು. ಅಪ್ಪ ಕುರಿಯ ಜೊತೆಗೆ ಮಳೆ ನಂಬಿ ಶೇಂಗಾ ಬಿತ್ತಿದವರು. ನಾನು ಬಿ.ಎಸ್ಸಿ. ಮುಗಿಸಿ ಕೆಲಸ ಹುಡುಕುತ್ತಿರುವವಳು. ಈ ಪುಟ ಓದುವ ನಿಮ್ಮಲ್ಲಿ ಬಹುಪಾಲು ಜನರೂ ಇದೇ ಸಾಲಿನಲ್ಲಿ ನಿಂತಿರುತ್ತೀರಿ. ಹಾಗಾಗಿ ನಮಗೆ ಅಂಟಿರುವ ಈ ಹೆಸರುಗಳ ಬಗ್ಗೆ ಒಂದಿಷ್ಟು ಮಾತಾಡಬೇಕು ಅನಿಸಿತು.

ಅಕ್ಷರ ಎಲ್ಲಿಂದ ಬಂತು?

‘ಜೆನ್ ಝೀ’ ಎಂಬ ಪದ ನಮ್ಮ ಕನ್ನಡ ಪತ್ರಿಕೆಗಳ ಮುಖಪುಟಕ್ಕೆ ದೊಡ್ಡದಾಗಿ ಬಂದದ್ದು 2025ರ ಸೆಪ್ಟೆಂಬರ್‌ನಲ್ಲಿ. ನೇಪಾಳದ ಸರ್ಕಾರ 26 ಸಾಮಾಜಿಕ ಜಾಲತಾಣಗಳನ್ನು ನಿರ್ಬಂಧಿಸಿತು. ಸೆಪ್ಟೆಂಬರ್ 8ರಂದು ಕಠ್ಮಂಡುವಿನ ಬೀದಿಗೆ ಇಳಿದ ಹುಡುಗ, ಹುಡುಗಿಯರ ಮೇಲೆ ಗುಂಡು ಹಾರಿತು. ಮರುದಿನವೇ ಪ್ರಧಾನಿ ಕೆ.ಪಿ. ಶರ್ಮಾ ಓಲಿ ರಾಜೀನಾಮೆ ಕೊಟ್ಟರು. ಸೆಪ್ಟೆಂಬರ್ 12ಕ್ಕೆ ನಿವೃತ್ತ ಮುಖ್ಯ ನ್ಯಾಯಮೂರ್ತಿ ಸುಶೀಲಾ ಕಾರ್ಕಿ ಮಧ್ಯಂತರ ಪ್ರಧಾನಿಯಾದರು. ಒಂದೇ ವಾರದಲ್ಲಿ ನಮ್ಮೂರಿನ ಹೋಟೆಲಿನಲ್ಲಿ ಟೀ ಕುಡಿಯುತ್ತಿದ್ದವರ ಬಾಯಲ್ಲೂ ‘ಜೆನ್ ಝೀ’ ಬಂತು. ‘ನೀನೂ ಅದೇ ಏನವ್ವಾ?’ ಎಂದು ಒಬ್ಬರು ನನ್ನನ್ನೇ ಕೇಳಿದರು. ಬೆಂಕಿ ಹಚ್ಚುವವಳೇನೋ ಎಂಬ ಹಾಗಿತ್ತು ಅವರ ನೋಟ.

ಆ ಹೆಸರಿನ ಹುಟ್ಟು ಮಾತ್ರ ಬೀದಿಯಲ್ಲಿ ಆದದ್ದಲ್ಲ. 1991ರಲ್ಲಿ ಕೆನಡಾದ ಲೇಖಕ ಡಗ್ಲಸ್ ಕೂಪ್‌ಲ್ಯಾಂಡ್ ‘ಜನರೇಷನ್ ಎಕ್ಸ್’ ಎಂಬ ಕಾದಂಬರಿ ಬರೆದರು. ಆ ಪದ ಜನಪ್ರಿಯವಾಯಿತು. ಎಕ್ಸ್ ಆದ ಮೇಲೆ ವೈ, ವೈ ಆದ ಮೇಲೆ ಝಡ್. ವೈಗೆ ಆಮೇಲೆ ‘ಮಿಲೇನಿಯಲ್’ ಎಂಬ ಬೇರೆ ಹೆಸರು ಗಟ್ಟಿಯಾಯಿತು, ಝಡ್ ಹಾಗೇ ಉಳಿಯಿತು. ಇಂಗ್ಲಿಷ್ ಅಕ್ಷರಮಾಲೆ ಅಲ್ಲಿಗೆ ಮುಗಿದದ್ದರಿಂದ ನಮ್ಮ ನಂತರ ಹುಟ್ಟಿದ ಮಕ್ಕಳಿಗೆ ಗ್ರೀಕ್ ಅಕ್ಷರ ತಂದು ‘ಆಲ್ಫಾ’ ಎಂದಿದ್ದಾರೆ. ಅಮೆರಿಕದ ಪ್ಯೂ ಸಂಶೋಧನಾ ಕೇಂದ್ರ 2019ರಲ್ಲಿ 1981ರಿಂದ 1996ರವರೆಗೆ ಹುಟ್ಟಿದವರು ಮಿಲೇನಿಯಲ್, 1997ರಿಂದ ಮುಂದಿನವರು ಜೆನ್ ಝೀ ಎಂದು ಗೆರೆ ಎಳೆಯಿತು. ಆ ಕೊನೆಯ ಗೆರೆ ಸಾಮಾನ್ಯವಾಗಿ 2012ಕ್ಕೆ ಬಂದು ನಿಲ್ಲುತ್ತದೆ. ಅಂದರೆ ನಮ್ಮ ಹೆಸರು ನಮ್ಮ ಯಾವ ಗುಣದಿಂದಲೂ ಬಂದದ್ದಲ್ಲ. ಸರದಿಯಲ್ಲಿ ಮುಂದಿನ ಅಕ್ಷರ ಅದಾಗಿತ್ತು, ಅಷ್ಟೆ.

ಗಮನಿಸಬೇಕಾದ ಮಾತೆಂದರೆ ಅದೇ ಪ್ಯೂ ಸಂಸ್ಥೆ 2023ರಲ್ಲಿ ಇಂಥ ಹಣೆಪಟ್ಟಿಗಳನ್ನು ಇನ್ನು ಮುಂದೆ ಎಚ್ಚರಿಕೆಯಿಂದ, ಕಡಿಮೆ ಬಳಸುತ್ತೇವೆ ಎಂದು ಪ್ರಕಟಿಸಿತು. ಹದಿನೈದು ವರ್ಷದ ಅಂತರದಲ್ಲಿ ಹುಟ್ಟಿದ ಕೋಟ್ಯಂತರ ಜನರನ್ನು ಒಂದೇ ಸ್ವಭಾವದವರು ಎನ್ನುವುದು ಸರಿಯಲ್ಲ ಎಂಬ ಆಕ್ಷೇಪ ಸಮಾಜವಿಜ್ಞಾನಿಗಳಿಂದಲೇ ಬಂದಿತ್ತು. ಗೆರೆ ಎಳೆದವರೇ ಹಿಂದೆ ಸರಿದರು. ಜಾಹೀರಾತಿನವರು ಮಾತ್ರ ಇನ್ನೂ ಆ ಗೆರೆಯ ಮೇಲೆಯೇ ನಿಂತಿದ್ದಾರೆ.

ಜೂನ್ 1ರಂದು ಹುಟ್ಟಿದವರು

ಹುಟ್ಟಿದ ಇಸವಿಯಿಂದ ತಲೆಮಾರಿಗೆ ಹೆಸರಿಡಬೇಕಾದರೆ ಮೊದಲು ಹುಟ್ಟಿದ ಇಸವಿ ಗೊತ್ತಿರಬೇಕು. ನಮ್ಮ ಮನೆಯಲ್ಲಿ ಅದು ಗೊತ್ತಿರುವುದು ನನಗೆ ಮತ್ತು ನನ್ನ ತಮ್ಮನಿಗೆ ಮಾತ್ರ. ನಾನು ಹುಟ್ಟಿದ್ದು 2003ರಲ್ಲಿ, ಆಸ್ಪತ್ರೆಯ ದಾಖಲೆ ಇದೆ. ಅಪ್ಪನ ಹುಟ್ಟಿದ ದಿನ ಜೂನ್ 1. ಅಮ್ಮನದೂ ಜೂನ್ 1. ಅಪ್ಪನ ಜೊತೆ ಶಾಲೆಗೆ ಹೋದ ಮುಕ್ಕಾಲು ಪಾಲು ಜನರದೂ ಜೂನ್ 1. ಕರ್ನಾಟಕದ ಹಳ್ಳಿಗಳಲ್ಲಿ ಇದೇನು ಹೊಸತಲ್ಲ, ನಿಮ್ಮ ಮನೆಯಲ್ಲೂ ಒಬ್ಬರಾದರೂ ಇರುತ್ತಾರೆ. ಶಾಲೆ ಶುರುವಾಗುವ ದಿನಕ್ಕೆ ಮಗುವಿಗೆ ವಯಸ್ಸು ತುಂಬಿರಲಿ ಎಂದು ಮೇಷ್ಟ್ರು ಬರೆದ ತಾರೀಖು ಅದು.

ಅಜ್ಜಿ ಶಾಲೆಯ ಮೆಟ್ಟಿಲೇ ಹತ್ತಿದವಳಲ್ಲ. ಅವಳಿಗೆ ಸಂಧ್ಯಾ ಸುರಕ್ಷಾ ಪಿಂಚಣಿಗೆ ಅರ್ಜಿ ಹಾಕಲು ಹೋದಾಗ 65 ವರ್ಷ ತುಂಬಿದೆ ಎಂಬುದಕ್ಕೆ ದಾಖಲೆ ಬೇಕಾಯಿತು. ಇದ್ದ ಗುರುತಿನ ಚೀಟಿಯಲ್ಲಿ ಯಾರೋ ಮುಖ ನೋಡಿ ಅಂದಾಜಿನ ಮೇಲೆ ಬರೆದ ಇಸವಿ ಇತ್ತು. ಅದರ ಪ್ರಕಾರ ಅವಳಿಗೆ 60 ಕೂಡ ಆಗಿರಲಿಲ್ಲ. ಅಜ್ಜಿ ತನ್ನ ಲೆಕ್ಕ ಹೇಳಿದಳು: ‘ಎಪ್ಪತ್ತೆರಡರ ಬರದಾಗ ನಿಮ್ಮಪ್ಪ ಮಡಿಲಾಗಿದ್ದ. ಅವನಿಗಿಂತ ಮೊದಲು ಒಂದು ಹೋಗಿತ್ತು. ನನಗೆ ಆಗ ಹತ್ತೊಂಬತ್ತೋ ಇಪ್ಪತ್ತೋ.’ ನಾನು ಬೆರಳು ಎಣಿಸಿ 1952–53 ಎಂದೆ. ಲೆಕ್ಕ ಸರಿಯಾಗಿತ್ತು, ಆದರೆ ಬರ ದಾಖಲೆಯಲ್ಲವಲ್ಲ. ಚೀಟಿ ತಿದ್ದಿಸಿ, ಮತ್ತೆ ಅರ್ಜಿ ಹಾಕುವಷ್ಟರಲ್ಲಿ ಒಂದೂವರೆ ವರ್ಷ ಕಳೆಯಿತು.

ನಮ್ಮ ಬಯಲುಸೀಮೆಯಲ್ಲಿ ಕಾಲವನ್ನು ಎಣಿಸುತ್ತಿದ್ದದ್ದೇ ಹಾಗೆ. 1876ರಿಂದ 1878ರವರೆಗೆ ಹಳೆ ಮೈಸೂರು ಸಂಸ್ಥಾನದಲ್ಲಿ ಲಕ್ಷಾಂತರ ಜನ ಸತ್ತ ಮಹಾಕ್ಷಾಮವನ್ನು ಜನ ನೆನಪಿಟ್ಟುಕೊಂಡದ್ದು ‘ಧಾತು, ಈಶ್ವರ’ ಸಂವತ್ಸರಗಳ ಬರ ಎಂದು. ಅದಕ್ಕಿಂತ ಮುಂಚೆ ಹುಟ್ಟಿದವರು, ಅದರಲ್ಲಿ ಉಳಿದವರು, ಆಮೇಲೆ ಹುಟ್ಟಿದವರು. ಇದೂ ತಲೆಮಾರಿನ ಹೆಸರೇ. ಜರ್ಮನ್ ಭಾಷೆಯಲ್ಲಿ ಬರೆದ ಸಮಾಜಶಾಸ್ತ್ರಜ್ಞ ಕಾರ್ಲ್ ಮ್ಯಾನ್‌ಹೈಮ್ 1928ರಲ್ಲೇ ಒಂದು ಪ್ರಬಂಧದಲ್ಲಿ ಇದನ್ನು ವಿವರಿಸಿದ್ದರು. ಒಂದೇ ಇಸವಿಯಲ್ಲಿ ಹುಟ್ಟಿದ ಮಾತ್ರಕ್ಕೆ ಒಂದು ತಲೆಮಾರು ಆಗುವುದಿಲ್ಲ. ಎಳೆಯ ವಯಸ್ಸಿನಲ್ಲಿ ಒಂದೇ ದೊಡ್ಡ ಘಟನೆಯನ್ನು ಒಟ್ಟಿಗೆ ಹಾದು ಬಂದಿರಬೇಕು. ಹಾದು ಬಂದವರಲ್ಲೂ ಎಲ್ಲರೂ ಒಂದೇ ರೀತಿ ಯೋಚಿಸುವುದಿಲ್ಲ ಎಂಬುದು ಅವರ ವಾದ. ಮ್ಯಾನ್‌ಹೈಮ್ ದೊಡ್ಡ ಪುಸ್ತಕ ಓದಿ ಹೇಳಿದ್ದನ್ನು ಅಜ್ಜಿ ಓದದೆಯೇ ಹೇಳುತ್ತಾಳೆ.

ಹಲ್ಲು ನೋಡುವವರು

ಅಜ್ಜ ಇದ್ದಾಗ ಕುರಿ ಸಂತೆಗೆ ಅವರ ಜೊತೆ ಹೋಗುತ್ತಿದ್ದೆ. ಅಲ್ಲಿ ಕುರಿಗೆ ಎಷ್ಟು ವರ್ಷ ಎಂದು ಯಾರೂ ಕೇಳುವುದಿಲ್ಲ. ಕೊಳ್ಳುವವನು ಬಂದು ಬಾಯಿ ಅಗಲಿಸಿ ಹಲ್ಲು ನೋಡುತ್ತಾನೆ. ಹಾಲುಹಲ್ಲಿನದು, ಎರಡು ಹಲ್ಲಿನದು, ನಾಲ್ಕು ಹಲ್ಲಿನದು, ಬಾಯಿಗೂಡಿದ್ದು. ಆ ಒಂದು ಮಾತಿನಲ್ಲಿ ಅವನಿಗೆ ಬೇಕಾದ್ದೆಲ್ಲ ಇರುತ್ತದೆ. ಇನ್ನೆಷ್ಟು ಮರಿ ಹಾಕುತ್ತದೆ, ಮಾಂಸ ಹೇಗಿರುತ್ತದೆ, ಎಷ್ಟು ದುಡ್ಡು ಕೊಡಬಹುದು. ಹೆಸರು ಕುರಿಯದು, ಉಪಯೋಗ ಕೊಳ್ಳುವವನದು.

‘ಜೆನ್ ಝೀ’ ಎನ್ನುವುದನ್ನು ಹೆಚ್ಚಾಗಿ ಬಳಸುವವರು ಯಾರೆಂದು ಒಮ್ಮೆ ನೋಡಿ. ಮೊಬೈಲ್ ಮಾರುವವರು, ಬಟ್ಟೆ ಮಾರುವವರು, ಸಾಲದ ಆ್ಯಪ್‌ನವರು, ಚುನಾವಣೆ ಹತ್ತಿರ ಬಂದಾಗ ಪಕ್ಷಗಳವರು. ‘ಜೆನ್ ಝೀ ಒಂದೇ ಕೆಲಸದಲ್ಲಿ ನಿಲ್ಲುವುದಿಲ್ಲ’, ‘ಜೆನ್ ಝೀಗೆ ಸಂಬಳಕ್ಕಿಂತ ಸ್ವಾತಂತ್ರ್ಯ ಮುಖ್ಯ’ ಎಂದು ಮಾನವ ಸಂಪನ್ಮೂಲ ವಿಭಾಗದವರು ಬರೆಯುತ್ತಾರೆ. ಉಳ್ಳಾರ್ತಿಯ ಬಸ್ ನಿಲ್ದಾಣದಲ್ಲಿ ನಿಂತು ಕೇಳಿದರೆ, ಒಂದೇ ಕೆಲಸದಲ್ಲಿ ಮೂವತ್ತು ವರ್ಷ ನಿಲ್ಲಲು ಸಿದ್ಧರಿರುವ ಜೆನ್ ಝೀಗಳು ಹತ್ತು ನಿಮಿಷಕ್ಕೆ ಹತ್ತು ಮಂದಿ ಸಿಗುತ್ತಾರೆ. ಆ ಒಂದು ಕೆಲಸ ಸಿಗಬೇಕಷ್ಟೆ. ಸಂಬಳ ಬೇಡ, ಸ್ವಾತಂತ್ರ್ಯ ಸಾಕು ಎನ್ನುವವರು ನಮ್ಮಲ್ಲಿ ನನಗೆ ಯಾರೂ ಸಿಕ್ಕಿಲ್ಲ. ಗುತ್ತಿಗೆ ಕೆಲಸ ಕೊಟ್ಟು ಹನ್ನೊಂದು ತಿಂಗಳಿಗೆ ಕಳಿಸುವವರಿಗೆ ಮಾತ್ರ ‘ಇವರು ತಾವಾಗಿಯೇ ನಿಲ್ಲುವವರಲ್ಲ’ ಎಂಬ ಹೆಸರು ಬಹಳ ಅನುಕೂಲ.

ಕೊರೊನಾ ಬ್ಯಾಚ್ ಎಂದರೆ

ಇನ್ನು ಎರಡನೇ ಹೆಸರಿಗೆ ಬರುತ್ತೇನೆ. ಇದು ಅಮೆರಿಕದಿಂದ ಬಂದದ್ದಲ್ಲ, ಇಲ್ಲೇ, ನಮ್ಮ ಕಾಲೇಜು ಕಾರಿಡಾರುಗಳಲ್ಲೇ ಹುಟ್ಟಿದ್ದು. 2021ರ ಜೂನ್ 4ರಂದು ರಾಜ್ಯ ಸರ್ಕಾರ ದ್ವಿತೀಯ ಪಿಯುಸಿ ಪರೀಕ್ಷೆ ರದ್ದು ಮಾಡಿತು. 6 ಲಕ್ಷಕ್ಕೂ ಹೆಚ್ಚು ವಿದ್ಯಾರ್ಥಿಗಳು ಪಾಸಾದರು. ಅದೇ ವರ್ಷ ಎಸ್ಸೆಸ್ಸೆಲ್ಸಿಯವರಿಗೆ ಜುಲೈನಲ್ಲಿ ಎರಡೇ ದಿನ, ಬಹು ಆಯ್ಕೆ ಪ್ರಶ್ನೆಗಳ ಪರೀಕ್ಷೆ ನಡೆಯಿತು. ಅಂದಿನಿಂದ ನಾವು ‘ಕೊರೊನಾ ಪಾಸ್’, ‘ಕೊರೊನಾ ಬ್ಯಾಚ್’. ಮೀಮ್‌ಗಳು ಬಂದವು, ನಾವೇ ಹಂಚಿಕೊಂಡು ನಕ್ಕೆವು. ಅದು ಸಂದರ್ಶನದ ಕೋಣೆಯವರೆಗೆ ನಮ್ಮ ಹಿಂದೆ ಬರುತ್ತದೆ ಎಂದು ಆಗ ಗೊತ್ತಿರಲಿಲ್ಲ.

ಈ ಹೆಸರು ಹೇಳುವುದು ಅರ್ಧ ಸತ್ಯ. ಪರೀಕ್ಷೆ ಇಲ್ಲದೆ ಪಾಸಾದರು ಎನ್ನುತ್ತಾರೆ. ನಮ್ಮ ಅಂಕ ಬಂದದ್ದು ಎಸ್ಸೆಸ್ಸೆಲ್ಸಿಯ ಶೇ 45, ಪ್ರಥಮ ಪಿಯುಸಿಯ ಶೇ 45, ಆಂತರಿಕ ಮೌಲ್ಯಮಾಪನದ ಶೇ 10 ಸೇರಿಸಿ. 2019ರ ಎಸ್ಸೆಸ್ಸೆಲ್ಸಿ ಪರೀಕ್ಷೆಯನ್ನು ನಾನು ಬೇರೆಲ್ಲರ ಹಾಗೆಯೇ ಬೆಂಚಿನ ಮೇಲೆ ಕುಳಿತು ಬರೆದಿದ್ದೆ. ಆದರೆ ಹೆಸರಿಡುವವರಿಗೆ ಸೂತ್ರ ಓದುವಷ್ಟು ಪುರುಸೊತ್ತಿಲ್ಲ.

ಉಳಿದ ಅರ್ಧವನ್ನು ನಾನೂ ಒಪ್ಪಬೇಕು. ನಾವು ಕಲಿಯಲಿಲ್ಲ ಎಂಬುದು ಸುಳ್ಳಲ್ಲ. ಜನವರಿಯಲ್ಲಿ ತೆರೆದ ಕಾಲೇಜು ಏಪ್ರಿಲ್‌ನಲ್ಲಿ ಮತ್ತೆ ಮುಚ್ಚಿತು. ಮನೆಯಲ್ಲಿ ಒಂದೇ ಸ್ಮಾರ್ಟ್‌ಫೋನ್, ಅದು ತಮ್ಮನಿಗೂ ಬೇಕು. ನೆಟ್‌ವರ್ಕ್ ಸಿಗುತ್ತಿದ್ದದ್ದು ಬಯಲಿನ ಒಂದು ದಿಬ್ಬದ ಮೇಲೆ. ಕುರಿ ಮೇಯಿಸುತ್ತಾ, ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಸಾವಯವ ರಸಾಯನಶಾಸ್ತ್ರ ಕೇಳಿದ್ದೇನೆ. ಬೆಂಜೀನ್ ಉಂಗುರವನ್ನು ಕಡ್ಡಿಯಲ್ಲಿ ಮಣ್ಣಿನ ಮೇಲೆ ಬರೆದು ನೋಡಿಕೊಂಡಿದ್ದೇನೆ. ಟೈಟ್ರೇಷನ್ ಎಂಬುದನ್ನು ಮೊದಲು ನೋಡಿದ್ದು ವಿಡಿಯೊದಲ್ಲಿ, ಅದೂ ಬಣ್ಣ ಬದಲಾಗುವ ಹೊತ್ತಿಗೆ ಬಫರ್ ಆಗಿ ನಿಂತಿತ್ತು. ಪದವಿಗೆ ಬಂದಾಗ ಬ್ಯೂರೆಟ್ ಹಿಡಿಯಲು ಕೈ ನಡುಗಿದವರು ನಮ್ಮ ತರಗತಿಯಲ್ಲಿ ನಾನೊಬ್ಬಳೇ ಅಲ್ಲ. ನಗರದಲ್ಲಿ ಲ್ಯಾಪ್‌ಟಾಪ್ ಮುಂದೆ ಕುಳಿತು ಖಾಸಗಿ ಕೋಚಿಂಗ್ ಪಡೆದವರೂ ಕೊರೊನಾ ಬ್ಯಾಚೇ. ಆದರೆ ನಮ್ಮಿಬ್ಬರ ಕೊರೊನಾ ಒಂದೇ ಆಗಿರಲಿಲ್ಲ. ಒಂದೇ ಘಟನೆಯನ್ನು ಹಾದವರೆಲ್ಲ ಒಂದೇ ಅಲ್ಲ ಎಂದು ಮ್ಯಾನ್‌ಹೈಮ್ ಹೇಳಿದ್ದು ಇದನ್ನೇ.

ಅಲ್ಲಿಗೇ ಮುಗಿಯಲಿಲ್ಲ. ನಾವು ಪದವಿಗೆ ಸೇರಿದ 2021ರಲ್ಲಿ ದೇಶದಲ್ಲೇ ಮೊದಲಿಗೆ ಕರ್ನಾಟಕ ಹೊಸ ಶಿಕ್ಷಣ ನೀತಿಯನ್ನು ಪದವಿ ತರಗತಿಗೆ ಜಾರಿಗೆ ತಂದಿತು. ಹೀಗೆ ನಾವು ಎನ್‌ಇಪಿಯ ಮೊದಲ ಬ್ಯಾಚೂ ಆದೆವು. ಪಠ್ಯಪುಸ್ತಕ ಬರುವ ಮೊದಲೇ ಸೆಮಿಸ್ಟರ್ ಬರುತ್ತಿತ್ತು. ನಾವು ಪದವಿ ಮುಗಿಸುವ ಹೊತ್ತಿಗೆ, 2024ರಲ್ಲಿ, ರಾಜ್ಯ ಸರ್ಕಾರ ಹಳೆಯ ಮೂರು ವರ್ಷದ ಪದ್ಧತಿಗೆ ಮರಳಿತು. ನಮ್ಮ ಅಂಕಪಟ್ಟಿ ನಮ್ಮ ಅಣ್ಣಂದಿರದಕ್ಕೂ ಹೊಂದುವುದಿಲ್ಲ, ತಮ್ಮಂದಿರದಕ್ಕೂ ಹೊಂದುವುದಿಲ್ಲ.

ಕೆಲಸದ ಪರೀಕ್ಷೆಗಳ ಕಥೆ ನಿಮಗೆ ಗೊತ್ತೇ ಇದೆ. 545 ಪಿಎಸ್ಐ ಹುದ್ದೆಗಳಿಗೆ 2021ರ ಅಕ್ಟೋಬರ್ 3ರಂದು ಪರೀಕ್ಷೆ ನಡೆಯಿತು. ಅಕ್ರಮ ಬಯಲಾಗಿ 2022ರ ಏಪ್ರಿಲ್‌ನಲ್ಲಿ ರದ್ದಾಯಿತು. ಮರುಪರೀಕ್ಷೆ ನಡೆದದ್ದು 2024ರ ಜನವರಿ 23ರಂದು. 384 ಗೆಜೆಟೆಡ್ ಪ್ರೊಬೇಷನರಿ ಹುದ್ದೆಗಳ ಪೂರ್ವಭಾವಿ ಪರೀಕ್ಷೆ 2024ರ ಆಗಸ್ಟ್ 27ರಂದು ನಡೆದಾಗ ಕನ್ನಡ ಪ್ರಶ್ನೆಗಳ ಅನುವಾದ ಎಷ್ಟು ಕೆಟ್ಟಿತ್ತೆಂದರೆ ಡಿಸೆಂಬರ್ 29ರಂದು ಮತ್ತೆ ನಡೆಸಬೇಕಾಯಿತು, ಅದರಲ್ಲೂ ತಪ್ಪುಗಳಿದ್ದವು. ನನ್ನನ್ನು ಕೇಳಿದರೆ ನಮ್ಮ ತಲೆಮಾರಿಗೆ ಸರಿಯಾದ ಹೆಸರು ‘ಮರುಪರೀಕ್ಷೆ ತಲೆಮಾರು’. ಒಂದು ಪರೀಕ್ಷೆ ಇಲ್ಲದೆ ಪಾಸಾದವರು ಎಂದು ನಗುತ್ತಾರಲ್ಲ, ಒಂದೇ ಪರೀಕ್ಷೆಯನ್ನು ಎರಡು ಸಲ ಬರೆದವರೂ ನಾವೇ ಎಂಬುದು ಯಾರಿಗೂ ನೆನಪಿರುವುದಿಲ್ಲ.

ಕಾವಲಿಗೂ ಹೆಸರುಗಳಿದ್ದವು

ಹೆಸರು ಬದಲಾದರೆ ಏನಾಗುತ್ತದೆ ಎಂಬುದನ್ನು ನಾನು ಕಲಿತದ್ದು ನಮ್ಮ ಮನೆ ಮುಂದಿನ ನೆಲದಿಂದ. ಮೈಸೂರಿನ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಅರಮನೆಯ ದನಗಳ ಇಲಾಖೆಗೆ ‘ಬೆಣ್ಣೆ ಚಾವಡಿ’ ಎಂಬ ಹೆಸರಿತ್ತು. ಟಿಪ್ಪು ಸುಲ್ತಾನ್ ಅದನ್ನು ‘ಅಮೃತ್ ಮಹಲ್’ ಎಂದು ಬದಲಿಸಿದ. ಅರಮನೆಗೆ ಹಾಲು, ಬೆಣ್ಣೆ ಕೊಡುತ್ತಿದ್ದ ಹಿಂಡಿನ ಎತ್ತುಗಳು ಫಿರಂಗಿ ಎಳೆಯುವುದಕ್ಕೆ ಹೆಸರಾದವು. ಅವು ಮೇಯಲು ಕಾಯ್ದಿಟ್ಟ ಹುಲ್ಲುಗಾವಲುಗಳೇ ಕಾವಲುಗಳು. ಉಳ್ಳಾರ್ತಿ ಕಾವಲೂ ಅದರಲ್ಲಿ ಒಂದು. ಅಮೃತ್ ಮಹಲ್ ದನಗಳ ಜೊತೆಗೆ ಸುತ್ತಲ ಹಳ್ಳಿಗಳ ಕುರಿ, ದನಗಳೂ ಮೇಯುತ್ತಿದ್ದವು, ಕೃಷ್ಣಮೃಗಗಳೂ ಇದ್ದವು. ಆ ಕುರಿಯ ಉಣ್ಣೆಯಿಂದಲೇ ಚಳ್ಳಕೆರೆಯ ಕಂಬಳಿಗೆ ಹೆಸರು ಬಂದದ್ದು.

ನಾನು ಪ್ರಾಥಮಿಕ ಶಾಲೆಯಲ್ಲಿದ್ದಾಗ ಈ ನೆಲಕ್ಕೆ ಇನ್ನೊಂದು ಹೆಸರು ಬಂತು: ‘ವಿಜ್ಞಾನ ನಗರಿ’. ವರವು, ಕುದಾಪುರ, ಉಳ್ಳಾರ್ತಿ ಕಾವಲುಗಳಲ್ಲಿ ಸುಮಾರು 10,000 ಎಕರೆಯನ್ನು ಡಿಆರ್‌ಡಿಒ, ಭಾರತೀಯ ವಿಜ್ಞಾನ ಸಂಸ್ಥೆ, ಭಾಭಾ ಅಣು ಸಂಶೋಧನಾ ಕೇಂದ್ರ, ಇಸ್ರೊ ಮುಂತಾದವಕ್ಕೆ ಕೊಡಲಾಯಿತು. ಬೀಳು ಭೂಮಿ ಎಂದವರು ಒಂದು ಕಡೆ, ಶತಮಾನಗಳ ಹುಲ್ಲುಗಾವಲು ಎಂದವರು ಇನ್ನೊಂದು ಕಡೆ. ವಿಷಯ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯವರೆಗೂ ಹೋಯಿತು. ನೆಲ ಒಂದೇ, ಆದರೆ ‘ಹುಲ್ಲುಗಾವಲು’ ಎಂದರೆ ಅದು ಕುರಿಯವರದು, ‘ಬೀಳು’ ಎಂದರೆ ಯಾರದೂ ಅಲ್ಲ, ‘ನಗರಿ’ ಎಂದರೆ ಬರುವವರದು.

ನಾನು ಇದರಲ್ಲಿ ಒಂದೇ ಪಕ್ಷ ಹಿಡಿದು ಮಾತಾಡಲಾರೆ. ಚಂದ್ರಯಾನಕ್ಕಾಗಿ ಇಸ್ರೊ ಚಂದ್ರನ ಮೇಲಿನಂಥ ಕುಳಿಗಳನ್ನು ತೋಡಿಸಿದ್ದು ಇದೇ ಉಳ್ಳಾರ್ತಿ ಕಾವಲಿನಲ್ಲಿ. 2023ರ ಏಪ್ರಿಲ್ 2ರ ಬೆಳಿಗ್ಗೆ ವಾಯುಪಡೆಯ ಚಿನೂಕ್ ಹೆಲಿಕಾಪ್ಟರ್ 4.5 ಕಿ.ಮೀ. ಎತ್ತರದಿಂದ ಬಿಟ್ಟ ಇಸ್ರೊದ ಪುಟ್ಟ ನೌಕೆ ತಾನೇ ದಾರಿ ಹಿಡಿದು ಇಳಿದದ್ದು ನಮ್ಮ ತಾಲ್ಲೂಕಿನ ರನ್‌ವೇ ಮೇಲೆ. ಆ ಆಗಸ್ಟ್ 23ರಂದು ಚಂದ್ರಯಾನ–3 ಇಳಿದಾಗ ಅಜ್ಜಿಗೆ ‘ನಮ್ಮ ಕಾವಲಿನಾಗೆ ಅಭ್ಯಾಸ ಮಾಡಿ ಹೋಗೈತೆ’ ಎಂದು ಹೇಳಿದ್ದೆ. ನಾನು ವಿಜ್ಞಾನ ಓದಲು ಆ ಕುಳಿಗಳೂ ಒಂದು ಕಾರಣ. ಓದಿನ ಶುಲ್ಕಕ್ಕೆ ಮಾರಿದ್ದು ಅದೇ ಕಾವಲಿನಲ್ಲಿ ಮೇಯ್ದ ಕುರಿಗಳನ್ನು. ‘ವಿಜ್ಞಾನ ನಗರಿಯ ಮಕ್ಕಳು’ ಎಂದು ನಮ್ಮನ್ನು ಯಾರಾದರೂ ಕರೆದರೆ ನನಗೆ ಹೆಮ್ಮೆಯೂ ಆಗುತ್ತದೆ, ಕೆಲಸದ ಅರ್ಜಿ ನೆನಪಾಗಿ ನಗುವೂ ಬರುತ್ತದೆ.

ತಲೆಮಾರು ಎಂಬ ನಮ್ಮ ಪದ

ಹಾಗಾದರೆ ಹೆಸರೇ ಬೇಡವೇ? ಹಾಗೆ ಹೇಳಲಾರೆ. ಹೆಸರಿಲ್ಲದವರ ಅಹವಾಲು ಯಾರೂ ಕೇಳುವುದಿಲ್ಲ. 1973ರಲ್ಲಿ ಸಚಿವ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದ ಬಹುಭಾಗ ಬೂಸಾ ಎಂದದ್ದಕ್ಕೆ ಗಲಾಟೆಯಾಯಿತು, ದಲಿತ ವಿದ್ಯಾರ್ಥಿಗಳು ಪೆಟ್ಟು ತಿಂದರು. ಆ ಪೆಟ್ಟಿನಿಂದ ಎಚ್ಚೆತ್ತ ಯುವಜನರೇ ಮುಂದೆ ದಲಿತ ಚಳವಳಿ ಕಟ್ಟಿದರು. 1979ರಲ್ಲಿ ಬಂಡಾಯ ಸಾಹಿತ್ಯ ಸಂಘಟನೆ ಹುಟ್ಟಿತು. 1982ರಲ್ಲಿ ಬೀದಿಗೆ ಇಳಿದವರನ್ನು ಇಂದಿಗೂ ‘ಗೋಕಾಕ್ ಚಳವಳಿಯ ಕಾಲದವರು’ ಎನ್ನುತ್ತೇವೆ. ಇವೆಲ್ಲ ಹುಟ್ಟಿದ ಇಸವಿಯ ಹೆಸರುಗಳಲ್ಲ, ಮಾಡಿದ ಕೆಲಸದ ಹೆಸರುಗಳು.

ನೇಪಾಳದ ಹುಡುಗರು ಮಾಡಿದ್ದೂ ಅದನ್ನೇ. ಮಾರುಕಟ್ಟೆಯವರು ಇಟ್ಟ ಹೆಸರನ್ನು ಕಸಿದುಕೊಂಡು ತಮ್ಮ ಬ್ಯಾನರಿನ ಮೇಲೆ ಬರೆದುಕೊಂಡರು. ಮೊರಾಕ್ಕೊದ ಯುವಜನ ತಮ್ಮ ದೇಶದ ಫೋನ್ ಕೋಡ್ ಸೇರಿಸಿ ‘ಜೆನ್ ಝೀ 212’ ಎಂದು ಇಟ್ಟುಕೊಂಡು ಆಸ್ಪತ್ರೆ, ಶಾಲೆ ಸರಿಮಾಡಿ ಎಂದು ಕೇಳಿದರು. ಬೆಂಕಿ, ಕಲ್ಲು, ಸಾವುಗಳನ್ನು ನಾನು ಮೆಚ್ಚುವುದಿಲ್ಲ. ಆದರೆ ಹೆಸರು ಯಾರು ಇಟ್ಟರೆಂಬುದಕ್ಕಿಂತ ಅದನ್ನು ಏನು ಕೇಳಲು ಬಳಸುತ್ತೇವೆ ಎಂಬುದು ದೊಡ್ಡದು ಎಂದು ಅಲ್ಲಿಂದ ಕಲಿಯಬಹುದು. 2025ರಲ್ಲಿ ಧಾರವಾಡದಲ್ಲಿ ಖಾಲಿ ಹುದ್ದೆ ತುಂಬಿ, ವಯೋಮಿತಿ ಸಡಿಲಿಸಿ ಎಂದು ರಸ್ತೆಗೆ ಬಂದವರು ಜೆನ್ ಝೀ ಎಂದು ಹೇಳಿಕೊಳ್ಳಲಿಲ್ಲ, ‘ಉದ್ಯೋಗಾಕಾಂಕ್ಷಿಗಳು’ ಎಂದರು. ಅಂದವಾದ ಪದವಲ್ಲ. ಆದರೆ ಯಾರನ್ನು, ಏನು ಕೇಳುತ್ತಿದ್ದೇವೆ ಎಂಬುದು ಆ ಪದದಲ್ಲೇ ಇತ್ತು.

ಕನ್ನಡದ ‘ತಲೆಮಾರು’ ಎಂಬ ಪದವನ್ನು ಇನ್ನೊಮ್ಮೆ ನೋಡಿ. ಮೂರು ತಲೆಮಾರು ಕೂತು ಉಂಡರೂ ಕರಗದ ಆಸ್ತಿ ಎನ್ನುತ್ತೇವೆ, ಏಳು ತಲೆಮಾರಿನ ಹಗೆ ಎನ್ನುತ್ತೇವೆ. ಅದು ಮೇಲಿನಿಂದ ಕೆಳಗೆ, ಅಜ್ಜಿಯಿಂದ ಮೊಮ್ಮಗಳಿಗೆ ಎಣಿಸುವ ಲೆಕ್ಕ. ‘ಜೆನ್ ಝೀ’ ಅಡ್ಡಡ್ಡಕ್ಕೆ ಎಣಿಸುತ್ತದೆ: ನಾನು, ಬೆಂಗಳೂರಿನ ಹುಡುಗಿ, ಟೋಕಿಯೊದ ಹುಡುಗ ಎಲ್ಲ ಒಂದೇ. ‘ಬ್ಯಾಚ್’ ನೋಂದಣಿ ಸಂಖ್ಯೆಯಿಂದ ಎಣಿಸುತ್ತದೆ. ನನಗೆ ನಿಜವಾಗಿ ಹೊಂದುವುದು ಮೊದಲ ಲೆಕ್ಕವೇ. ಅಜ್ಜಿ ಹೆಬ್ಬೆಟ್ಟು, ಅಮ್ಮ ಏಳನೇ ತರಗತಿ, ನಾನು ಬಿ.ಎಸ್ಸಿ. ಅರ್ಜಿಗಳಲ್ಲಿ ಇದಕ್ಕೆ ‘ಮೊದಲ ತಲೆಮಾರಿನ ಪದವೀಧರೆ’ ಎನ್ನುತ್ತಾರೆ. ಈ ಹೆಸರಿನಿಂದ ಯಾರೂ ಬಟ್ಟೆ ಮಾರುವುದಿಲ್ಲ, ಮೀಮ್ ಮಾಡುವುದಿಲ್ಲ. ಆದರೆ ನಾನು ಎಲ್ಲಿಂದ ಎಲ್ಲಿಗೆ ಬಂದೆ ಎಂಬುದನ್ನು ಹೇಳುವ ಹೆಸರು ಇದೊಂದೇ.

ಹೆಸರಿಗೂ ಸವಲತ್ತಿಗೂ ಸಂಬಂಧ ಇದ್ದೇ ಇದೆ. 2024ರ ಜನವರಿ 12ರಂದು ‘ಯುವನಿಧಿ’ ಶುರುವಾದಾಗ 2022–23ರಲ್ಲಿ ಓದು ಮುಗಿಸಿ 180 ದಿನವಾದರೂ ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ ₹3,000, ಡಿಪ್ಲೊಮಾದವರಿಗೆ ₹1,500, ಎರಡು ವರ್ಷದವರೆಗೆ ಎಂದರು. ಅದಕ್ಕಿಂತ ಒಂದು ವರ್ಷ ಮೊದಲು ಮುಗಿಸಿ ಇನ್ನೂ ಕೆಲಸ ಹುಡುಕುತ್ತಿದ್ದ ನನ್ನ ದೊಡ್ಡಪ್ಪನ ಮಗಳು ಆ ಗೆರೆಯ ಆಚೆ ಉಳಿದಳು. ಅದಕ್ಕೂ ಮೊದಲು, 2023ರ ಜೂನ್ 11ರಂದು ಬಂದ ‘ಶಕ್ತಿ’ ಯೋಜನೆಗೆ ಯಾವ ವರ್ಷದ ಬ್ಯಾಚ್ ಎಂಬ ಗೆರೆ ಇರಲಿಲ್ಲ. ಅದರಿಂದ ಅವಳೂ ನಾನೂ ದುಡ್ಡಿಲ್ಲದೆ ಚಳ್ಳಕೆರೆಯ ಗ್ರಂಥಾಲಯಕ್ಕೆ ಹೋಗಿ ಓದಿದೆವು. ಯಾರಿಗೆ ಗೆರೆ ಎಳೆದರು, ಎಲ್ಲಿ ಎಳೆದರು ಎಂಬುದು ಮೀಮ್‌ನಲ್ಲಿ ತಮಾಷೆ, ಸರ್ಕಾರಿ ಆದೇಶದಲ್ಲಿ ತಮಾಷೆಯಲ್ಲ.

ಆದ್ದರಿಂದ ಗೆಳೆಯರೇ, ಯಾರಾದರೂ ನಮಗೊಂದು ಹೆಸರಿಟ್ಟು ಕರೆದಾಗ ಮೂರು ಪ್ರಶ್ನೆ ಕೇಳಿಕೊಳ್ಳೋಣ. ಈ ಹೆಸರನ್ನು ಯಾರು ಇಟ್ಟರು? ಇದರಿಂದ ಅವರಿಗೆ ಏನು ಉಪಯೋಗ? ಇದನ್ನು ನಾನು ಏನು ಕೇಳಲು ಬಳಸಬಹುದು? ಮೂರನೆಯದಕ್ಕೆ ಉತ್ತರ ಇದ್ದರೆ ಆ ಹೆಸರನ್ನು ಇಟ್ಟುಕೊಳ್ಳೋಣ. ಇಲ್ಲದಿದ್ದರೆ ಅಲ್ಲೇ ಬಿಟ್ಟು ಬರೋಣ. ಕೊರೊನಾ ಬ್ಯಾಚ್ ಎಂಬುದನ್ನೇ ತೆಗೆದುಕೊಳ್ಳಿ. ನಗುವುದಕ್ಕಾದರೆ ಅದು ಬೇಡ. ಆ ಎರಡು ವರ್ಷ ಪ್ರಯೋಗಾಲಯ ಕಾಣದವರಿಗೆ ಸೇತುಬಂಧ ತರಬೇತಿ ಕೊಡಿ ಎಂದು ಕೇಳುವುದಕ್ಕಾದರೆ ಬೇಕು.

ಕಳೆದ ತಿಂಗಳು ಇನ್ನೊಂದು ಲ್ಯಾಬಿನ ಸಂದರ್ಶನಕ್ಕೆ ಹೋಗಿದ್ದೆ. ಅಲ್ಲೂ ಅದೇ ಹಾಳೆಯ ಬಳಿ ಕೈ ನಿಂತಿತು. ‘2021?’ ಎಂದರು. ಈ ಸಲ ನಾನೇ ಮೊದಲು ಹೇಳಿದೆ: ‘ಹೌದು ಸರ್, ಕೊರೊನಾ ಬ್ಯಾಚ್. ಪಿಯುಸಿಯಲ್ಲಿ ಪ್ರಾಕ್ಟಿಕಲ್ ಸರಿಯಾಗಿ ಆಗಲಿಲ್ಲ. ಪದವಿಯಲ್ಲಿ ಕಲಿತಿದ್ದೇನೆ. ಒಂದು ಟೈಟ್ರೇಷನ್ ಕೊಡಿ, ಈಗಲೇ ಮಾಡಿ ತೋರಿಸುತ್ತೇನೆ.’ ಅವರು ನಗಲಿಲ್ಲ. ಒಳಗೆ ಕರೆದುಕೊಂಡು ಹೋಗಿ ಬ್ಯೂರೆಟ್ ಮುಂದೆ ನಿಲ್ಲಿಸಿದರು. ಕೈ ಸ್ವಲ್ಪ ನಡುಗಿತು, ಆದರೆ ಮೂರು ಸಲದ ಅಳತೆಯೂ ಹೊಂದಿತು.

ಮನೆಗೆ ಬಂದಾಗ ಅಜ್ಜಿ ‘ಏನಂದ್ರು?’ ಎಂದಳು. ‘ತಿಳಿಸ್ತೀವಿ ಅಂದ್ರು’ ಎಂದೆ. ಇನ್ನೂ ತಿಳಿಸಿಲ್ಲ. ಮುಂದಿನ ಭಾನುವಾರ ಮತ್ತೊಂದು ಪರೀಕ್ಷೆ ಇದೆ, ಬೆಳಗಿನ ಮೊದಲ ಬಸ್ಸಿಗೇ ಹೊರಡಬೇಕು.